ನೆರೆಯ ಅಂದಾಜಿಗೆ ನೆರೆಹೊಳೆಯ ಲೆಕ್ಕ ಸಾಕೆ?

ರೈಲಿನಲ್ಲಿ ಪ್ರಯಾಣ ಮಾಡುವಾಗ ಸೇತುವೆಯ ಕಂಬಗಳನ್ನು ನೀವು ಗಮನಿಸಿರಬಹುದು. ಕಂಬದ ಮೇಲೆ ಒಂದು ಅಡ್ಡಗೆರೆ, ಅದರ ಪಕ್ಕದಲ್ಲಿ 'ಎಚ್.ಎಫ್.ಎಲ್.' ಎಂಬ ಅಕ್ಷರಗಳು, ಕೆಲವೆಡೆ ಒಂದು ಇಸವಿ. ಆ ಜಾಗದಲ್ಲಿ ಅದುವರೆಗೆ ಕಂಡ ಅತಿ ಎತ್ತರದ ಪ್ರವಾಹಮಟ್ಟವನ್ನು ಈ ಗೆರೆ ಸೂಚಿಸುತ್ತದೆ. ಆದರೆ ಸೇತುವೆ ಕಟ್ಟುವ ಎಂಜಿನಿಯರಿಗೆ ಈ ಗೆರೆಯಷ್ಟೇ ಸಾಲದು. ಮುಂದೆ ಎಷ್ಟು ನೀರು ಬಂದೀತು ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ತಪ್ಪು ಉತ್ತರ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ 1956ನೇ ಇಸವಿಯೇ ಸಾಕ್ಷಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಮೆಹಬೂಬ್‌ನಗರದ ಬಳಿ, ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ರೈಲ್ವೆ ಸೇತುವೆಗಳು ಪ್ರವಾಹಕ್ಕೆ ಕುಸಿದವು. ಎರಡೂ ಕಡೆ ನೂರಕ್ಕೂ ಹೆಚ್ಚು ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಎರಡನೆಯ ದುರಂತದ ಹೊಣೆ ಹೊತ್ತು ಅಂದಿನ ರೈಲ್ವೆ ಸಚಿವ ಲಾಲ್ ಬಹಾದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಎರಡೂ ಜಾಗಗಳು ಮಲೆನಾಡಿನವಲ್ಲ, ಮಳೆ ಕಡಿಮೆ ಬೀಳುವ ಬಯಲು ಪ್ರದೇಶದವು ಎಂಬ ಅಂಶ ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಪ್ರವಾಹ ಅಂದಾಜಿನ ವಿಧಾನಗಳನ್ನು ಈ ಅಂಶದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

'ನೂರು ವರ್ಷದ ಪ್ರವಾಹ' ಎಂದರೆ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಗೆಹರಿಸಿಕೊಳ್ಳೋಣ. 'ನೂರು ವರ್ಷದ ಪ್ರವಾಹ' ಎಂದರೆ ನೂರು ವರ್ಷಕ್ಕೊಮ್ಮೆ ತಪ್ಪದೆ ಬಂದುಹೋಗುವ ಪ್ರವಾಹವಲ್ಲ. ಯಾವುದೇ ಒಂದು ವರ್ಷದಲ್ಲಿ ಅದಕ್ಕೆ ಸಮನಾದ ಅಥವಾ ಅದನ್ನು ಮೀರಿದ ಪ್ರವಾಹ ಬರುವ ಸಂಭವನೀಯತೆ ನೂರರಲ್ಲಿ ಒಂದು ಎಂದು ಮಾತ್ರ ಅದರ ಅರ್ಥ. 50 ವರ್ಷ ಬಾಳುವ ಸೇತುವೆಯೊಂದು ಇಂಥ ಪ್ರವಾಹವನ್ನು ಒಮ್ಮೆಯಾದರೂ ಎದುರಿಸುವ ಸಂಭವ ಎಷ್ಟು? ಒಂದು ವರ್ಷ ಬರದಿರುವ ಸಂಭವ 0.99. ಐವತ್ತು ವರ್ಷವೂ ಬರದಿರುವ ಸಂಭವ 0.99ರ ಐವತ್ತನೆಯ ಘಾತ, ಅಂದರೆ ಸುಮಾರು 0.605. ಆದ್ದರಿಂದ ಬರುವ ಸಂಭವ ಸುಮಾರು ಶೇಕಡಾ 39.5.

ಈ ಪ್ರವಾಹದ ಗಾತ್ರವನ್ನು ಕಂಡುಹಿಡಿಯಲು ಪ್ರತಿ ವರ್ಷದ ಗರಿಷ್ಠ ಹರಿವಿನ ದಾಖಲೆ ಬೇಕು. ದೊಡ್ಡ ನದಿಗಳ ಕೆಲವು ಮಾಪನ ಕೇಂದ್ರಗಳಲ್ಲಿ ಅಂಥ ದಾಖಲೆ ಇದೆ. ಸಣ್ಣಪುಟ್ಟ ಹೊಳೆ, ಹಳ್ಳಗಳಲ್ಲಿ ಅಳತೆಯೇ ನಡೆದಿರುವುದಿಲ್ಲ. ಅಳತೆ ಇದ್ದಲ್ಲಿಯೂ 20 ವರ್ಷದ ದಾಖಲೆಯೊಂದರಲ್ಲಿ ನೂರು ವರ್ಷದ ಪ್ರವಾಹ ಒಮ್ಮೆಯಾದರೂ ಸೇರಿರುವ ಸಂಭವ ಶೇಕಡಾ 18 ಮಾತ್ರ. ಹೀಗಾಗಿ ಒಂದು ಹೊಳೆಯ ಕೊರತೆಯನ್ನು ಅಕ್ಕಪಕ್ಕದ ಹೊಳೆಗಳ ದಾಖಲೆಯಿಂದ ತುಂಬಿಕೊಳ್ಳುವ ವಿಧಾನ ಬಂತು. ಇದೇ ಪ್ರಾದೇಶಿಕ ಪ್ರವಾಹ ಆವೃತ್ತಿ ವಿಶ್ಲೇಷಣೆ. ಕನ್ನಡದಲ್ಲಿ 'ನೆರೆ' ಎಂಬ ಪದಕ್ಕೆ ಪ್ರವಾಹ ಎಂಬ ಅರ್ಥವೂ ಇದೆ, ಪಕ್ಕದ್ದು ಎಂಬ ಅರ್ಥವೂ ಇದೆ. ಒಂದು ಹೊಳೆಯ ನೆರೆಯನ್ನು ನೆರೆಹೊಳೆಯಿಂದ ಅಳೆಯುವ ಕೆಲಸ ಇದು. ಆದರೆ ಪಕ್ಕದಲ್ಲಿರುವ ಹೊಳೆಯೆಲ್ಲ ಒಂದೇ ಸ್ವಭಾವದ್ದೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಹಳೆಯ ಸೂತ್ರಗಳು

ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಇಂದಿಗೂ ಡಿಕನ್ಸ್ (1865) ಮತ್ತು ರೈವ್ಸ್ (1884) ಸೂತ್ರಗಳಿವೆ. ರೈವ್ಸ್ ಸೂತ್ರದ ಪ್ರಕಾರ ಗರಿಷ್ಠ ಪ್ರವಾಹವು ಜಲಾನಯನ ಪ್ರದೇಶದ ವಿಸ್ತೀರ್ಣದ ಮೂರನೇ ಎರಡರ ಘಾತಕ್ಕೆ ಅನುಪಾತದಲ್ಲಿರುತ್ತದೆ. ವಿಸ್ತೀರ್ಣ 1000 ಚದರ ಕಿ.ಮೀ. ಇದ್ದರೆ ಈ ಘಾತದ ಬೆಲೆ ಸರಿಯಾಗಿ 100. ಪೂರ್ವ ಕರಾವಳಿಗೆ ಹತ್ತಿರವಿರುವ ಪ್ರದೇಶಕ್ಕೆ ಗುಣಾಂಕ 6.8 ಎಂದು ಹಿಡಿದರೆ ಪ್ರವಾಹ ಸೆಕೆಂಡಿಗೆ 680 ಘನ ಮೀಟರ್. ಬೆಟ್ಟದ ಸಮೀಪದ ಪ್ರದೇಶಕ್ಕೆ ಗುಣಾಂಕ 10.2 ಎಂದು ಹಿಡಿದರೆ 1020 ಘನ ಮೀಟರ್.

ಈ ಸೂತ್ರದಲ್ಲಿ ಹವಾಗುಣ ಎಲ್ಲಿದೆ, ನೆಲದ ಸ್ವರೂಪ ಎಲ್ಲಿದೆ? ಎರಡೂ ಒಂದೇ ಗುಣಾಂಕದೊಳಗೆ ಅಡಗಿವೆ. ಮಳೆಯ ಬಿರುಸು, ಇಳಿಜಾರು, ಮಣ್ಣು, ಕಾಡು ಎಲ್ಲವನ್ನೂ ಸೇರಿಸಿ ಒಂದು ಅಂಕಿಯಾಗಿ ಬರೆಯಲಾಗಿದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಇದು ಎಷ್ಟು ವರ್ಷಕ್ಕೊಮ್ಮೆ ಬರುವ ಪ್ರವಾಹ ಎಂಬುದನ್ನು ಸೂತ್ರ ಹೇಳುವುದೇ ಇಲ್ಲ. ಅಳತೆಯ ದಾಖಲೆಗಳು ಅತಿ ವಿರಳವಾಗಿದ್ದ ಕಾಲದಲ್ಲಿ ಇವು ಉಪಯುಕ್ತವಾಗಿದ್ದವು, ನಿಜ. ಆದರೆ ಇಂದಿನ ವಿದ್ಯಾರ್ಥಿಗೆ ಇವನ್ನು ಇತಿಹಾಸವೆಂದು ಕಲಿಸಬೇಕೇ ಹೊರತು ವಿಧಾನವೆಂದು ಅಲ್ಲ.

ಒಂದೇ ಗುಣಕ, ಎರಡು ಹೊಳೆ

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಟೇಟ್ ಡಾಲ್ರಿಂಪಲ್ 1960ರಲ್ಲಿ ವಿವರಿಸಿದ ಸೂಚ್ಯಂಕ ಪ್ರವಾಹ ವಿಧಾನ ಇದಕ್ಕಿಂತ ಬಹಳ ಮುಂದುವರಿದದ್ದು. ಇದರ ತಿರುಳು ಸರಳ. ಒಂದು ಪ್ರದೇಶದ ಹೊಳೆಗಳಲ್ಲಿ ಕೆಲವು ದೊಡ್ಡವು, ಕೆಲವು ಚಿಕ್ಕವು. ಆದರೆ ಪ್ರತಿಯೊಂದರ ವಾರ್ಷಿಕ ಗರಿಷ್ಠ ಹರಿವನ್ನು ಆಯಾ ಹೊಳೆಯ ಸರಾಸರಿಯಿಂದ ಭಾಗಿಸಿದರೆ ಎಲ್ಲವೂ ಒಂದೇ ರೇಖೆಯ ಮೇಲೆ ಕೂರುತ್ತವೆ ಎಂದು ಭಾವಿಸಲಾಗುತ್ತದೆ. ಆಗ ನೂರು ವರ್ಷದ ಪ್ರವಾಹವೆಂದರೆ ಸರಾಸರಿಯನ್ನು ಒಂದು 'ವೃದ್ಧಿ ಗುಣಕ'ದಿಂದ ಗುಣಿಸಿದ ಮೊತ್ತ. ಸರಾಸರಿ ಹೊಳೆಯಿಂದ ಹೊಳೆಗೆ ಬೇರೆ, ಗುಣಕ ಇಡೀ ಪ್ರದೇಶಕ್ಕೆ ಒಂದೇ.

ಈ ಭಾವನೆ ಎಲ್ಲಿ ಮುರಿಯುತ್ತದೆ? ಒಂದು ಹೋಲಿಕೆ ನೋಡಿ. ತಿಂಗಳ ಸಂಬಳ ಪಡೆಯುವವರ ಆದಾಯ ವರ್ಷದಿಂದ ವರ್ಷಕ್ಕೆ ಹೆಚ್ಚು ಏರುಪೇರಾಗದು. ಜಾತ್ರೆಯ ವ್ಯಾಪಾರಿಯ ಆದಾಯ ಹಾಗಲ್ಲ. ಹೆಚ್ಚಿನ ವರ್ಷ ಅಷ್ಟಕ್ಕಷ್ಟೆ, ಎಂದೋ ಒಂದು ವರ್ಷ ಭರ್ಜರಿ. ಮಲೆನಾಡಿನ ಹೊಳೆ ಸಂಬಳದಾರನಂತೆ. ಮುಂಗಾರು ಪ್ರತಿ ವರ್ಷ ಬರುತ್ತದೆ, ಜುಲೈ ಹೊತ್ತಿಗೆ ನೆಲ ತೋಯ್ದು ಹೋಗಿರುತ್ತದೆ, ಪ್ರತಿ ವರ್ಷವೂ ಹೊಳೆ ತುಂಬುತ್ತದೆ. ಬಯಲುಸೀಮೆಯ ಹಳ್ಳ ಜಾತ್ರೆಯ ವ್ಯಾಪಾರಿಯಂತೆ.

ಸಂಖ್ಯಾಶಾಸ್ತ್ರದಲ್ಲಿ ಈ ಏರುಪೇರನ್ನು ಮಾರ್ಪಿನ ಗುಣಾಂಕ ಅಳೆಯುತ್ತದೆ. ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದರೆ ಬರುವ ಅಂಕಿ ಅದು. ಗಂಬೆಲ್ ವಿತರಣೆಯನ್ನು ಅನುಸರಿಸುವ ಹೊಳೆಗೆ ನೂರು ವರ್ಷದ ವೃದ್ಧಿ ಗುಣಕ ಸುಮಾರಾಗಿ 1 + 3.14 × ಮಾರ್ಪಿನ ಗುಣಾಂಕ. ಈಗ ಕೇವಲ ಲೆಕ್ಕಕ್ಕಾಗಿ ಎರಡು ಹೊಳೆಗಳನ್ನು ಕಲ್ಪಿಸಿಕೊಳ್ಳಿ. ಮಲೆನಾಡಿನ ಹೊಳೆಯ ಸರಾಸರಿ ವಾರ್ಷಿಕ ಗರಿಷ್ಠ ಹರಿವು ಸೆಕೆಂಡಿಗೆ 1000 ಘನ ಮೀಟರ್, ಮಾರ್ಪಿನ ಗುಣಾಂಕ 0.3. ಬಯಲಿನ ಹಳ್ಳದ ಸರಾಸರಿ 200 ಘನ ಮೀಟರ್, ಗುಣಾಂಕ 0.9. ಮೊದಲನೆಯದರ ವೃದ್ಧಿ ಗುಣಕ 1.94, ಎರಡನೆಯದರದ್ದು 3.83. ಆದ್ದರಿಂದ ನೂರು ವರ್ಷದ ಪ್ರವಾಹ ಕ್ರಮವಾಗಿ ಸುಮಾರು 1940 ಮತ್ತು 765 ಘನ ಮೀಟರ್.

ಎರಡನ್ನೂ ಒಂದೇ ಪ್ರದೇಶವೆಂದು ಸೇರಿಸಿ ಸರಾಸರಿ ಗುಣಾಂಕ 0.6 ಎಂದು ಹಿಡಿದರೆ ವೃದ್ಧಿ ಗುಣಕ 2.88 ಆಗುತ್ತದೆ. ಮಲೆನಾಡಿನ ಸೇತುವೆಯನ್ನು 2880 ಘನ ಮೀಟರಿಗೆ ಕಟ್ಟುತ್ತೇವೆ. ಅದು ಐದು ಸಾವಿರ ವರ್ಷಕ್ಕೂ ಮೀರಿದ ಪ್ರವಾಹ. ನಷ್ಟ ಹಣದ್ದು ಮಾತ್ರ. ಬಯಲಿನ ಸೇತುವೆಯನ್ನು 577 ಘನ ಮೀಟರಿಗೆ ಕಟ್ಟುತ್ತೇವೆ. ಕಾಗದದ ಮೇಲೆ ಅದು ನೂರು ವರ್ಷದ ಸೇತುವೆ. ವಾಸ್ತವದಲ್ಲಿ ಅದು ಸುಮಾರು 27 ವರ್ಷದ ಸೇತುವೆ. 50 ವರ್ಷಗಳಲ್ಲಿ ಪ್ರವಾಹ ಅದರ ಮಿತಿಯನ್ನು ಮೀರುವ ಸಂಭವ ಶೇಕಡಾ 39.5 ಅಲ್ಲ, ಸುಮಾರು 85. ಸರಾಸರಿಯ ಈ ತಪ್ಪಿನ ಭಾರ ಬೀಳುವುದು ಒಣನಾಡಿನ ಮೇಲೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ಫಾರ್ಕರ್ಸನ್, ಮೇ ಮತ್ತು ಸಟ್‌ಕ್ಲಿಫ್ 1992ರಲ್ಲಿ ಪ್ರಪಂಚದ ಹಲವು ಶುಷ್ಕ ಮತ್ತು ಅರೆಶುಷ್ಕ ಪ್ರದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಒಣಪ್ರದೇಶಗಳ ವೃದ್ಧಿ ರೇಖೆ ಕಡಿದಾಗಿರುವುದು ಕಂಡುಬಂತು.

ಮಾರಿ ಕಣಿವೆಯ ಪಾಠ

ನಮ್ಮಲ್ಲೇ ಇರುವ ಉದಾಹರಣೆ ನೋಡೋಣ. ತುಂಗೆ ಮತ್ತು ವೇದಾವತಿ ಎರಡೂ ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಲ್ಲಿ ಹುಟ್ಟುತ್ತವೆ. ತುಂಗೆ ಘಟ್ಟದ ಮಳೆಯನ್ನು ಹೊತ್ತು ತರುತ್ತದೆ. ಅದರ ಜಲಾನಯನದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ವೇದಾವತಿ ಬಾಬಾಬುಡನ್ ಬೆಟ್ಟದ ಮಳೆನೆರಳಿನ ಕಡೆಗೆ ಇಳಿದು ಹಿರಿಯೂರು, ಚಳ್ಳಕೆರೆಯ ಬಯಲಿಗೆ ಬರುತ್ತದೆ. ಅಲ್ಲಿ ಮಳೆ 500ರಿಂದ 600 ಮಿ.ಮೀ. ಆಗುಂಬೆಗೂ ಚಳ್ಳಕೆರೆಗೂ ಇರುವ ದೂರ ಸುಮಾರು ಇನ್ನೂರು ಕಿ.ಮೀ. ಅಷ್ಟೆ.

ಹಿರಿಯೂರಿನ ಬಳಿ ಮಾರಿ ಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಅದು 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಬಳಿಕ. ಅದೇ ಸಮಯದಲ್ಲಿ ತುಂಗೆಯ ಮೇಲಿನ ಗಾಜನೂರು ಜಲಾಶಯ ಹೆಚ್ಚುಕಡಿಮೆ ಪ್ರತಿ ಮುಂಗಾರಿನಲ್ಲಿ ತುಂಬಿ ಹರಿಯುತ್ತದೆ. ಇಲ್ಲಿ ಎಚ್ಚರಿಕೆಯಿಂದ ಗಮನಿಸಬೇಕಾದ ಎರಡು ಸಂಗತಿಗಳಿವೆ. ಜಲಾಶಯ ತುಂಬುವುದಕ್ಕೆ ಅದರ ಗಾತ್ರವೂ ಕಾರಣ. ಗಾಜನೂರಿನದು ಚಿಕ್ಕದು, ವಾಣಿವಿಲಾಸ ಸಾಗರದ ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. ಜೊತೆಗೆ 2022ರ ಹೊತ್ತಿಗೆ ಭದ್ರೆಯ ನೀರನ್ನೂ ಮಾರಿ ಕಣಿವೆಗೆ ಹರಿಸಲಾಗುತ್ತಿತ್ತು. ಇವೆರಡನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಎರಡು ನದಿಗಳ ಸ್ವಭಾವದ ಅಂತರ ಕಣ್ಣಿಗೆ ಕಾಣುವಂಥದ್ದು.

ಆದರೂ ನಕ್ಷೆಯ ಮೇಲೆ ಎರಡೂ ಒಂದೇ ಜಲಾನಯನಕ್ಕೆ ಸೇರಿವೆ. ತುಂಗೆ ಭದ್ರೆಯನ್ನು ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತದೆ. ವೇದಾವತಿ ಹಗರಿ ಎಂಬ ಹೆಸರಿನಿಂದ ಅದೇ ತುಂಗಭದ್ರೆಯನ್ನು ಕೂಡುತ್ತದೆ. ಪ್ರದೇಶವನ್ನು ನದಿಯ ಗೆರೆಯಿಂದ ವಿಂಗಡಿಸುವವರಿಗೆ ಇವು ಅಕ್ಕತಂಗಿಯರು. ಪ್ರವಾಹ ಹುಟ್ಟುವ ಬಗೆಯಿಂದ ವಿಂಗಡಿಸುವವರಿಗೆ ಸಂಬಂಧವೇ ಇಲ್ಲದವು.

ಉಪವಲಯ ವರದಿಗಳು: ಗುಣ ಮತ್ತು ಕೊರತೆ

1957ರಲ್ಲಿ ನೇಮಕವಾದ ಎ. ಎನ್. ಖೋಸ್ಲಾ ನೇತೃತ್ವದ ಸಮಿತಿಯ ಸಲಹೆಗಳ ಹಿನ್ನೆಲೆಯಲ್ಲಿ ಕೇಂದ್ರ ಜಲ ಆಯೋಗ, ರೈಲ್ವೆಯ ಸಂಶೋಧನಾ ಸಂಸ್ಥೆ, ಭಾರತ ಹವಾಮಾನ ಇಲಾಖೆ ಮತ್ತು ಭೂಸಾರಿಗೆ ಸಚಿವಾಲಯ ಸೇರಿ ದೇಶವನ್ನು 7 ವಲಯ, 26 ಉಪವಲಯಗಳಾಗಿ ವಿಂಗಡಿಸಿ ಪ್ರವಾಹ ಅಂದಾಜು ವರದಿಗಳನ್ನು ಹೊರತಂದವು. ಕರ್ನಾಟಕದ ಹೆಚ್ಚಿನ ಭಾಗ ಕೃಷ್ಣಾ-ಪೆನ್ನಾರ್, ಕಾವೇರಿ ಮತ್ತು ಪಶ್ಚಿಮ ಕರಾವಳಿಯ ಉಪವಲಯಗಳಲ್ಲಿ ಬರುತ್ತದೆ. ಅಳತೆಯಿಲ್ಲದ ಹಳ್ಳಕ್ಕೂ 25, 50, 100 ವರ್ಷದ ಪ್ರವಾಹವನ್ನು ಒಬ್ಬ ಕಿರಿಯ ಎಂಜಿನಿಯರ್ ಲೆಕ್ಕ ಹಾಕುವಂತೆ ಮಾಡಿದ್ದು ಈ ವರದಿಗಳ ದೊಡ್ಡ ಸಾಧನೆ. ಮಳೆಯ ಪ್ರಾದೇಶಿಕ ವ್ಯತ್ಯಾಸಕ್ಕೆ ಸಮಮಳೆ ನಕ್ಷೆಗಳನ್ನೂ ಕೊಟ್ಟಿದ್ದಾರೆ. ಹೊಳೆಯ ಉದ್ದ, ಇಳಿಜಾರುಗಳಿಂದ ಏಕಮಾನ ಜಲಲೇಖವನ್ನು ರಚಿಸುವ ಸಮೀಕರಣಗಳೂ ಇವೆ. ಗುಣಾಂಕಗಳ ಕಾಲದಿಂದ ಇದು ದೊಡ್ಡ ಜಿಗಿತವೇ ಸರಿ.

ಕೊರತೆಗಳು ಮೂರು. ಮೊದಲನೆಯದು, ಉಪವಲಯಗಳ ಗಡಿ ಬಹುಮಟ್ಟಿಗೆ ನದಿಗಳ ಜಲಾನಯನದ ಗಡಿ. ಕೃಷ್ಣಾ-ಪೆನ್ನಾರ್ ಉಪವಲಯದಲ್ಲಿ ಘಟ್ಟದ ಪೂರ್ವದ ಇಳಿಜಾರೂ ಇದೆ, ರಾಯಲಸೀಮೆಯೂ ಇದೆ. ಎರಡಕ್ಕೂ ಜಲಲೇಖದ ಸಮೀಕರಣ ಒಂದೇ.

ಎರಡನೆಯದು, ನೆಲಕ್ಕೆ ಇಂಗುವ ನೀರಿಗೆ ಇಡೀ ಉಪವಲಯಕ್ಕೆ ಒಂದೇ ದರವನ್ನು ಸೂಚಿಸುವ ಕ್ರಮ. ಬಿಜಾಪುರದ ಎರೆಭೂಮಿಯನ್ನು ನೆನಪಿಸಿಕೊಳ್ಳಿ. ಬೇಸಿಗೆಯ ಕೊನೆಗೆ ಅದರಲ್ಲಿ ಕೈ ಹಿಡಿಸುವಷ್ಟು ಬಿರುಕು. ಮೊದಲ ಮಳೆಯೆಲ್ಲ ಬಿರುಕಿನೊಳಗೆ ಹೋಗುತ್ತದೆ. ನೆನೆದ ಮೇಲೆ ಅದೇ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಬಿದ್ದ ನೀರು ಹೆಚ್ಚಾಗಿ ಹೊರಗೆ ಹರಿಯುತ್ತದೆ. ಒಂದೇ ಹೊಲದಲ್ಲಿ ಜೂನ್ ತಿಂಗಳ ದರ ಬೇರೆ, ಸೆಪ್ಟೆಂಬರಿನ ದರ ಬೇರೆ. ಚಿತ್ರದುರ್ಗದ ಕೆಂಪುಮಣ್ಣು, ಘಟ್ಟದ ಕಾಡಿನ ನೆಲ ಇನ್ನೂ ಬೇರೆ.

ಮೂರನೆಯದು, ನೂರು ವರ್ಷದ ಮಳೆ ನೂರು ವರ್ಷದ ಪ್ರವಾಹವನ್ನು ತರುತ್ತದೆ ಎಂಬ ನಂಬಿಕೆ. ಸದಾ ತೋಯ್ದಿರುವ ನೆಲದಲ್ಲಿ ಇದು ನಿಜಕ್ಕೆ ಹತ್ತಿರ. ಒಣನೆಲದಲ್ಲಿ ಹಾಗಲ್ಲ. ಅಲ್ಲಿ ಸಾಧಾರಣ ಮಳೆ ಹಸಿನೆಲದ ಮೇಲೆ ಬಿದ್ದರೆ ದೊಡ್ಡ ಪ್ರವಾಹ, ದೊಡ್ಡ ಮಳೆ ಒಣನೆಲದ ಮೇಲೆ ಬಿದ್ದರೆ ಸಾಧಾರಣ ಪ್ರವಾಹ.

2009: ಬೇರೆ ದಿಕ್ಕಿನಿಂದ ಬಂದ ನೀರು

2009ರ ಮುಂಗಾರು ದೇಶಾದ್ಯಂತ ಕೈಕೊಟ್ಟಿತ್ತು. ಮಳೆ ದೀರ್ಘಾವಧಿ ಸರಾಸರಿಯ ಶೇಕಡಾ 78 ಮಾತ್ರ. ಆದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 2ರವರೆಗೆ ಬಂಗಾಳಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತ ಉತ್ತರ ಕರ್ನಾಟಕ ಮತ್ತು ರಾಯಲಸೀಮೆಯ ಮೇಲೆ ಸುರಿಯಿತು. ಕರ್ನಾಟಕ ಒಂದರಲ್ಲೇ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಂತ್ರಾಲಯ, ಕರ್ನೂಲು ಮುಳುಗಿದವು. ಶ್ರೀಶೈಲಂ ಜಲಾಶಯಕ್ಕೆ ಸುಮಾರು 25 ಲಕ್ಷ ಕ್ಯುಸೆಕ್ ನೀರು ನುಗ್ಗಿತು. ಅಣೆಕಟ್ಟಿನ ವಿನ್ಯಾಸದ ಪ್ರವಾಹ ಅದಕ್ಕಿಂತ ಎಷ್ಟೋ ಲಕ್ಷ ಕಡಿಮೆಯಿತ್ತು.

ಇಲ್ಲಿ ಕಲಿಯಬೇಕಾದದ್ದೇನು? ಕೃಷ್ಣೆಯ ಪ್ರವಾಹ ಎಂದರೆ ಸಾಮಾನ್ಯವಾಗಿ ಜುಲೈ, ಆಗಸ್ಟಿನಲ್ಲಿ ಘಟ್ಟದಿಂದ ಇಳಿಯುವ ನೀರು. ದಾಖಲೆಯ ಬಹುಪಾಲು ವರ್ಷಗಳ ಗರಿಷ್ಠ ಹರಿವು ಆ ಬಗೆಯದು. ಅಪರೂಪಕ್ಕೊಮ್ಮೆ ಬರುವ ವಾಯುಭಾರ ಕುಸಿತದ ಪ್ರವಾಹ ಬೇರೆ ಜಾತಿಯದು, ಬೇರೆ ತಿಂಗಳಿನದು, ಬೇರೆ ನೆಲದ್ದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಒಂದೇ ವಿತರಣಾ ರೇಖೆಯನ್ನು ಹೊಂದಿಸಿದರೆ ಆ ರೇಖೆ ಮೊದಲ ಜಾತಿಯನ್ನೇ ಹಿಂಬಾಲಿಸುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕಿಸಿ ಆಮೇಲೆ ಕೂಡಿಸಬೇಕು. ಉದಾಹರಣೆಗೆ, ಒಂದು ಮಟ್ಟವನ್ನು ಮುಂಗಾರಿನ ಪ್ರವಾಹ ಮೀರುವ ಸಂಭವ ನೂರರಲ್ಲಿ ಒಂದು, ವಾಯುಭಾರ ಕುಸಿತದ ಪ್ರವಾಹ ಮೀರುವ ಸಂಭವವೂ ನೂರರಲ್ಲಿ ಒಂದು ಎನ್ನಿ. ಎರಡೂ ಒಂದನ್ನೊಂದು ಅವಲಂಬಿಸಿಲ್ಲವೆಂದರೆ ಒಟ್ಟು ಸಂಭವ 1 − 0.99 × 0.99, ಅಂದರೆ ಶೇಕಡಾ 1.99. ನೂರು ವರ್ಷದ ಮಟ್ಟ ಐವತ್ತು ವರ್ಷದ್ದಾಯಿತು.

ಮರ್ಜ್ ಮತ್ತು ಬ್ಲೋಶ್ಲ್ 2003ರಲ್ಲಿ ಆಸ್ಟ್ರಿಯದ ಪ್ರವಾಹಗಳನ್ನು ಇದೇ ರೀತಿ ಹುಟ್ಟಿನ ಕಾರಣದಿಂದ ವಿಂಗಡಿಸಿದರು. ದೀರ್ಘಮಳೆ, ಅಲ್ಪಮಳೆ, ದಿಢೀರ್ ಪ್ರವಾಹ, ಹಿಮದ ಮೇಲೆ ಬಿದ್ದ ಮಳೆ, ಹಿಮ ಕರಗಿದ ನೀರು ಎಂದು ಐದು ಬಗೆ. ನಮಗೆ ಹಿಮದ ಬಗೆಗಳು ಬೇಡ. ಮುಂಗಾರು, ವಾಯುಭಾರ ಕುಸಿತ, ಗುಡುಗುಮಳೆ, ಇವುಗಳ ಜೊತೆಗೆ ನಮ್ಮದೇ ಆದ ಇನ್ನೊಂದು ಬಗೆ ಸೇರಿಸಬೇಕು, ಕೆರೆ ಒಡೆದ ಪ್ರವಾಹ.

ಬಯಲುಸೀಮೆಯ ಕೆರೆಗಳು ಸರಣಿಯಲ್ಲಿವೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ. ಕೆರೆಗಳು ಖಾಲಿಯಿರುವ ವರ್ಷ ಸಣ್ಣ ಪ್ರವಾಹಗಳನ್ನೆಲ್ಲ ಅವು ನುಂಗುತ್ತವೆ, ಕೆಳಗಿನ ಸೇತುವೆಯಲ್ಲಿ ನೀರೇ ಕಾಣದು. ತುಂಬಿದ ವರ್ಷ ಮೇಲಿನ ಏರಿ ಒಂದು ಒಡೆದರೆ ಕೆಳಗಿನವೂ ಸಾಲಾಗಿ ಒಡೆಯಬಹುದು. ಹೀಗೆ ಕೆರೆಗಳು ಸರಾಸರಿಯನ್ನು ತಗ್ಗಿಸಿ, ಅಪರೂಪದ ಪ್ರವಾಹವನ್ನು ಹಿಗ್ಗಿಸಬಲ್ಲವು. ಒಣಹವೆಯಿಂದಾಗಿ ಮೊದಲೇ ಕಡಿದಾಗಿದ್ದ ವೃದ್ಧಿ ರೇಖೆಯನ್ನು ನೆಲದ ಸ್ವರೂಪ ಇನ್ನಷ್ಟು ಕಡಿದಾಗಿಸುತ್ತದೆ.

ಹಾಗಾದರೆ ಏನು ಮಾಡಬೇಕು?

ಹೋಸ್ಕಿಂಗ್ ಮತ್ತು ವಾಲಿಸ್ 1997ರ ತಮ್ಮ ಪುಸ್ತಕದಲ್ಲಿ ಒಂದು ಪ್ರದೇಶ ಏಕರೂಪವಾಗಿದೆಯೇ ಎಂದು ಪರೀಕ್ಷಿಸುವ ಸಂಖ್ಯಾಶಾಸ್ತ್ರೀಯ ಅಳತೆಯನ್ನು ಕೊಟ್ಟಿದ್ದಾರೆ. ಅದು ಒಳ್ಳೆಯ ಸಾಧನ. ಆದರೆ ಪ್ರದೇಶದ ಎಲ್ಲ ಕೇಂದ್ರಗಳ ದಾಖಲೆಯೂ ಚಿಕ್ಕದಾಗಿದ್ದು, ಎಲ್ಲವೂ 2009ರಂಥ ವರ್ಷವನ್ನು ತಪ್ಪಿಸಿಕೊಂಡಿದ್ದರೆ ಪರೀಕ್ಷೆ 'ಏಕರೂಪ' ಎಂದೇ ಹೇಳೀತು. ಅಂಕಿಗಳಿಗೆ ಗೊತ್ತಿಲ್ಲದ್ದನ್ನು ಹವಾಗುಣ ಮತ್ತು ನೆಲದ ಜ್ಞಾನ ತುಂಬಬೇಕು.

ಬ್ರಿಟನ್ 1975ರ ತನ್ನ ಅಧ್ಯಯನದಲ್ಲಿ ದೇಶವನ್ನು ಭೌಗೋಳಿಕ ಪ್ರದೇಶಗಳಾಗಿ ಹಂಚಿತ್ತು. 1999ರ ಕೈಪಿಡಿಯಲ್ಲಿ ಆ ಗೆರೆಗಳನ್ನು ಕೈಬಿಟ್ಟು, ವಿಸ್ತೀರ್ಣ, ಮಳೆ ಮತ್ತು ಮಣ್ಣಿನ ಗುಣದಲ್ಲಿ ಹೋಲುವ ಜಲಾನಯನಗಳನ್ನು, ಅವು ಎಷ್ಟೇ ದೂರದಲ್ಲಿರಲಿ, ಒಂದು ಗುಂಪಾಗಿ ಸೇರಿಸಿತು. 2008ರ ಪರಿಷ್ಕರಣೆಯಲ್ಲಿ ಕೆರೆ ಸರೋವರಗಳ ಪರಿಣಾಮವನ್ನೂ ಸೇರಿಸಲಾಯಿತು. ನಮ್ಮ ದಾರಿಯೂ ಇದೇ ಆಗಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ವೇದಾವತಿಗೆ ಜೊತೆಯಾಗಬೇಕಾದದ್ದು ತುಂಗೆಯಲ್ಲ, ಪೆನ್ನಾರಿನ ಮೇಲ್ಭಾಗದ ಒಣಹೊಳೆಗಳು.

ಇದಕ್ಕೆ ನ್ಯಾಯವಾದ ಆಕ್ಷೇಪವೂ ಇದೆ. ಗುಂಪನ್ನು ಕಿರಿದು ಮಾಡಿದಷ್ಟೂ ಅದರೊಳಗಿನ ದಾಖಲೆ ಕಡಿಮೆಯಾಗುತ್ತದೆ, ಅಂದಾಜು ಅಸ್ಥಿರವಾಗುತ್ತದೆ. ಉಪವಲಯಗಳನ್ನು ರಚಿಸಿದವರು ಇದನ್ನು ಅರಿಯದವರಲ್ಲ. ಅವರಿಗಿದ್ದ ದಾಖಲೆ ರೈಲ್ವೆ ಸೇತುವೆಗಳ ಬಳಿ ಕೆಲವೇ ವರ್ಷ ನಡೆದ ಅಳತೆ. ಆದ್ದರಿಂದ ಹೊಸ ವಿಂಗಡಣೆಯ ಜೊತೆಗೆ ಹೆಚ್ಚು ಅಳತೆ ಬೇಕು, ಅಳತೆಗೂ ಹಿಂದಿನ ನೆನಪು ಬೇಕು. ನೇತ್ರಾವತಿಯ 1923ರ ಮತ್ತು 1974ರ ನೆರೆ, ಕಾವೇರಿಯ 1924ರ ನೆರೆ, ಇವುಗಳ ಗುರುತು ಗೋಡೆಗಳಲ್ಲಿ, ದೇವಸ್ಥಾನದ ಮೆಟ್ಟಿಲುಗಳಲ್ಲಿ, ಹಿರಿಯರ ಮಾತಿನಲ್ಲಿ ಉಳಿದಿದ್ದರೆ ಅದೂ ದಾಖಲೆಯೇ. ಹವಾಗುಣವೇ ಬದಲಾಗುತ್ತಿರುವಾಗ ಹಿಂದಿನ ದಾಖಲೆಯನ್ನು ಹಾಗೆಯೇ ಮುಂದಕ್ಕೆ ಎಳೆಯಲಾಗದು ಎಂಬುದು ನಿಜ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಆದರೆ ಪ್ರವಾಹ ಹುಟ್ಟುವ ಬಗೆಗಳನ್ನು ಬೇರ್ಪಡಿಸಿಟ್ಟುಕೊಂಡವರಿಗೆ ಮಾತ್ರ ಯಾವ ಬಗೆ ಎಷ್ಟು ಬದಲಾಗಿದೆ ಎಂದು ತಿಳಿಯುವುದು ಸಾಧ್ಯ.

ಅಧ್ಯಾಪಕರಿಗೆ ಒಂದು ಸಲಹೆ. ಒಂದು ಮಲೆನಾಡಿನ ತಾಲ್ಲೂಕು, ಒಂದು ಬಯಲುಸೀಮೆಯ ತಾಲ್ಲೂಕು ಆರಿಸಿಕೊಳ್ಳಿ. ಎರಡರಲ್ಲೂ ಪ್ರತಿ ವರ್ಷ ಒಂದೇ ದಿನದಲ್ಲಿ ಬಿದ್ದ ಗರಿಷ್ಠ ಮಳೆಯ ಅಂಕಿಗಳನ್ನು, ಕನಿಷ್ಠ 20 ವರ್ಷದವು, ವಿದ್ಯಾರ್ಥಿಗಳಿಂದ ಸಂಗ್ರಹಿಸಿ. ಸರಾಸರಿ, ಮಾನಕ ವಿಚಲನೆ, ಮಾರ್ಪಿನ ಗುಣಾಂಕ ಕಂಡುಹಿಡಿಯಲು ಹೇಳಿ. ಗರಿಷ್ಠ ಮಳೆ ಬಿದ್ದ ತಿಂಗಳನ್ನೂ ಬರೆಸಿ. ಎರಡು ಪಟ್ಟಿಗಳನ್ನು ಒಂದಾಗಿ ಸೇರಿಸಬಹುದೇ ಎಂದು ಅವರನ್ನೇ ಕೇಳಿ. ನಂತರ ಊರಿನ ಹಳ್ಳದ ಸೇತುವೆಯ ಬಳಿ ಕರೆದೊಯ್ದು ಎಚ್.ಎಫ್.ಎಲ್. ಗೆರೆ ಇದ್ದರೆ ತೋರಿಸಿ. ಆ ಗೆರೆಯ ನೀರು ಯಾವ ತಿಂಗಳಿನದು, ಯಾವ ಮಳೆಯದು, ಮೇಲಿನ ಯಾವ ಕೆರೆ ಅಂದು ತುಂಬಿತ್ತು ಎಂದು ಅವರು ವಿಚಾರಿಸತೊಡಗಿದರೆ ಪಾಠ ಮುಟ್ಟಿದಂತೆ.